ಜೇಡಗಳ ಫೋಟೋ ಡೇಟಾಬೇಸ್: ಹೆಸರು ಬದಲಾದಾಗೆಲ್ಲ ಫೋಲ್ಡರ್ ತಿದ್ದಿ ಸಾಕಾಗಿದೆ, ದಾರಿ ಹೇಳಿ (ತುಮಕೂರು)

ಬೆಟ್ಟದ ಬುಡ, ತುಮಕೂರು

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಮತ್ತು ಮೂರು ಜನ ಗೆಳೆಯರು ಆರು ವರ್ಷದಿಂದ ದೇವರಾಯನದುರ್ಗ, ನಾಮದ ಚಿಲುಮೆ, ಸಿದ್ದರಬೆಟ್ಟದ ಸುತ್ತಮುತ್ತ ಜೇಡಗಳ ಫೋಟೋ ತೆಗೆಯುತ್ತಿದ್ದೇವೆ. ಕಾಡೇ ಆಗಬೇಕು ಅಂತಿಲ್ಲ. ತೆಂಗಿನ ತೋಟ, ಬೇಲಿ ಸಾಲು, ಹಿತ್ತಿಲ ದಾಸವಾಳ, ಬಚ್ಚಲ ಗೋಡೆ, ಎಲ್ಲಿ ಸಿಕ್ಕರೆ ಅಲ್ಲಿ. ಫೋಟೋಗಳು ನಾಲ್ಕು ಸಾವಿರ ದಾಟಿವೆ. ಜಿಲ್ಲೆಯ ಜೇಡಗಳನ್ನೆಲ್ಲ ಒಂದೇ ಕಡೆ, ಕನ್ನಡದಲ್ಲಿ, ಯಾರು ಬೇಕಾದರೂ ತೆರೆದು ನೋಡುವ ಹಾಗೆ ಇಡಬೇಕು ಅನ್ನೋದು ನಮ್ಮ ಆಸೆ.

ಈಗ ಇರೋದು ಡ್ರೈವ್‌ನಲ್ಲಿ ಪ್ರಭೇದಕ್ಕೊಂದು ಫೋಲ್ಡರ್, ಜೊತೆಗೆ ಒಂದು ಶೀಟ್. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಒಂದೊಂದೇ ತೊಂದರೆ ಬಂತು. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಇರುತ್ತವಲ್ಲ, ಅವುಗಳ ಹತ್ತಿರವೇ ಅದೇ ಬಣ್ಣ, ಅದೇ ಆಕಾರದ ಒಂದು ಜೇಡ ಓಡಾಡುತ್ತದೆ. ಮುಂದಿನ ಎರಡು ಕಾಲನ್ನು ಇರುವೆಯ ಮೀಸೆಯ ಹಾಗೆ ಎತ್ತಿ ಆಡಿಸುತ್ತದೆ, ಕಾಲು ಎಣಿಸಿದರೆ ಮಾತ್ರ ಇದು ಇರುವೆ ಅಲ್ಲ ಅಂತ ಗೊತ್ತಾಗೋದು. ಹಳೇ ಪುಸ್ತಕ ನೋಡಿ ಅದಕ್ಕೆ ಮಿರ್ಮರಾಕ್ನೆ ಪ್ಲಟಾಲಿಯಾಯ್ಡಿಸ್ ಅಂತ ಫೋಲ್ಡರ್ ಮಾಡಿದ್ದೆವು. 2016ರಲ್ಲೇ ಹೆಸರಿನ ಮೊದಲ ಭಾಗ ಮಿರ್ಮಪ್ಲಾಟ ಅಂತ ಬದಲಾಗಿದೆ ಅಂತ ತಡವಾಗಿ ತಿಳಿಯಿತು. ಫೋಲ್ಡರ್ ಹೆಸರು ತಿದ್ದಿದೆವು, ಶೀಟಿನಲ್ಲಿದ್ದ ಲಿಂಕ್‌ಗಳು ಯಾವುದು ಯಾವುದಕ್ಕೆ ಅಂತಲೇ ತಿಳಿಯದ ಹಾಗಾಯಿತು.

ಇನ್ನೊಂದು ಕಡೆ, ಎರಡು ಬೇರೆ ಜೇಡ ಅಂತ ಮೂರು ವರ್ಷ ಇಟ್ಟಿದ್ದು ಒಂದೇ ಪ್ರಭೇದದ ಗಂಡು ಹೆಣ್ಣು. ಟೆಲಮೋನಿಯಾ ಡಿಮಿಡಿಯಾಟಾ. ಹೆಣ್ಣು ತೆಳು ಹಳದಿ, ಬೆನ್ನ ಮೇಲೆ ಎರಡು ಕೆಂಪು ಗೆರೆ. ಗಂಡು ಕಪ್ಪು, ಮೇಲೆ ಬಿಳಿ ಗುರುತು. ಯಾರಿಗೆ ಹೊಳೆಯುತ್ತದೆ ಹೇಳಿ?

ಎಲ್ಲಕ್ಕಿಂತ ನೋವಾಗಿದ್ದು ಹೋದ ವರ್ಷ ಹಾರ್ಡ್ ಡಿಸ್ಕ್ ಕೆಟ್ಟಿದ್ದು. ಒಂದಿಡೀ ಮಳೆಗಾಲದ ಫೋಟೋಗಳು ಈಗ ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಿದ್ದ ಕಾಪಿಗಳಾಗಿ ಮಾತ್ರ ಉಳಿದಿವೆ. ತೆಗೆದ ದಿನವೂ ಇಲ್ಲ, ಜಾಗವೂ ಇಲ್ಲ.

ಮತ್ತೆ ಮೊದಲಿನಿಂದ ಜೋಡಿಸಲು ತಯಾರಿದ್ದೇವೆ. ಹೇಗೆ ಜೋಡಿಸಿದರೆ ಇನ್ನು ಹತ್ತು ವರ್ಷ ನಿಲ್ಲುತ್ತದೆ? ಸ್ವಂತ ವೆಬ್‌ಸೈಟ್ ಬೇಕಾ, ಶೀಟ್ ಸಾಕಾ? ಜಾಗದ ವಿವರ ಪೂರ್ತಿ ಹಾಕಬಹುದಾ?

ಸಾಲು ಕಾಲಂ, ಕೋಲಾರ

ನಾನು ದಿನವಿಡೀ ಡೇಟಾ ಕೆಲಸ ಮಾಡುವವನು. ಜೇಡದ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ಆದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ಕಾಣುತ್ತಿದೆ. ನೀವು ಹೆಸರನ್ನೇ ಗುರುತಿನ ಚೀಟಿ ಮಾಡಿಕೊಂಡಿದ್ದೀರಿ.

ಜಮೀನಿನ ದಾಖಲೆ ನೆನಪಿಸಿಕೊಳ್ಳಿ. ಹೊಲಕ್ಕೆ ಸರ್ವೆ ನಂಬರ್ ಇರುತ್ತದೆ. ತಾತ ಹೋದ ಮೇಲೆ ಪಹಣಿಯಲ್ಲಿ ಅಪ್ಪನ ಹೆಸರು ಬರುತ್ತದೆ, ಆಮೇಲೆ ಮಗನ ಹೆಸರು. ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಅಂತ ಮ್ಯುಟೇಶನ್ ರಿಜಿಸ್ಟರ್ ಹೇಳುತ್ತದೆ. ಹೆಸರು ಬದಲಾಯಿತು ಅಂತ ಯಾರೂ ಹೊಲಕ್ಕೆ ಹೊಸ ನಂಬರ್ ಕೊಡುವುದಿಲ್ಲ ಅಲ್ವಾ? ಜೇಡಕ್ಕೂ ಹಾಗೇ ಮಾಡಿ.

ಒಂದು ದಿನ, ಒಂದು ಜಾಗದಲ್ಲಿ, ಒಂದು ಜೇಡ ನೋಡಿದ್ದಕ್ಕೆ ಒಂದು ನಂಬರ್. ತುಮಕೂರಿಗೆ ಟಿಎಂಕೆ, ಹಾಗಾಗಿ ಟಿಎಂಕೆ-00001 ಅಂತ ಶುರು ಮಾಡಿ. ಆ ಸಾಲಿನಲ್ಲಿ ದಿನ, ಹೊತ್ತು, ಜಾಗ, ನೋಡಿದವರು, ಗಿಡದ ಮೇಲಿತ್ತಾ ಗೋಡೆ ಮೇಲಿತ್ತಾ, ಇಷ್ಟು ಸಾಕು. ಆ ಜೇಡದ ಐದು ಫೋಟೋ ಇದ್ದರೆ ಟಿಎಂಕೆ-00001-1ರಿಂದ 5ರ ತನಕ. ಫೈಲ್ ಹೆಸರಿನಲ್ಲಿ ಜೇಡದ ಹೆಸರು ಬೇಡವೇ ಬೇಡ. ಗುರುತಿಸಿದ್ದಕ್ಕೆ ಬೇರೆ ಶೀಟ್ ಇರಲಿ: ನಂಬರ್, ಕೊಟ್ಟ ಹೆಸರು, ಕೊಟ್ಟವರು, ಕೊಟ್ಟ ದಿನ, ಯಾವ ಆಧಾರದ ಮೇಲೆ. ನಾಳೆ ಯಾರಾದರೂ ತಪ್ಪು ಅಂದರೆ ಹಳೇ ಸಾಲು ಅಳಿಸಬೇಡಿ. ಕೆಳಗೆ ಹೊಸ ಸಾಲು ಸೇರಿಸಿ. ಎರಡು ವರ್ಷದ ನಂತರ ಹಳೇ ಹೆಸರೇ ಸರಿ ಅಂತ ಆಗುವುದೂ ಉಂಟು, ಆಗ ಅದು ಅಲ್ಲೇ ಇರುತ್ತದೆ.

ಹೆಸರುಗಳನ್ನು ಕೈಯಲ್ಲಿ ಟೈಪ್ ಮಾಡಲೇಬೇಡಿ, ಒಂದೇ ಜೇಡಕ್ಕೆ ನಾಲ್ಕು ಕಾಗುಣಿತ ಹುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಂ ನಡೆಸುವ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ ಇದೆ. 2022ರಲ್ಲಿ ಅದರ ಪಟ್ಟಿ 50,000 ಪ್ರಭೇದ ದಾಟಿತು. ಅದರಲ್ಲಿ ಪ್ರತಿ ಪ್ರಭೇದಕ್ಕೂ ಒಂದು ಸ್ಥಿರ ನಂಬರ್ ಇದೆ, ಪೂರ್ತಿ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಳ್ಳಬಹುದು. ಅದರಿಂದ ನಿಮಗೆ ಬೇಕಾದವನ್ನು ತೆಗೆದು ನಂಬರ್ ಸಮೇತ ಮೂರನೇ ಶೀಟ್ ಮಾಡಿ. ಆಮೇಲೆ ನಿಮ್ಮ ಮಿರ್ಮಪ್ಲಾಟದಂಥದ್ದು ಬಂದರೆ ಒಂದೇ ಒಂದು ಕಡೆ ತಿದ್ದಿದರೆ ಸಾಕು.

ವೆಬ್‌ಸೈಟ್ ಈಗಲೇ ಬೇಡ. ನಾಲ್ಕು ಸಾವಿರ ಸಾಲಿಗೆ ಶೀಟ್ ಧಾರಾಳ ಸಾಕು. ಒಂದು ವರ್ಷ ಸರ್ವರ್ ಬಾಡಿಗೆ ಕಟ್ಟೋದು ಮರೆತರೆ ಸೈಟ್ ಹೋಗುತ್ತದೆ, ಶೀಟ್ ನಿಮ್ಮ ಹತ್ತಿರ ಉಳಿಯುತ್ತದೆ. ತಿಂಗಳಿಗೊಮ್ಮೆ ಶೀಟನ್ನು ಸಿಎಸ್‌ವಿ (ಯಾವ ಪ್ರೋಗ್ರಾಂನಲ್ಲೂ ತೆರೆಯುವ ಸಾದಾ ಅಕ್ಷರದ ಫೈಲ್) ಆಗಿ ತೆಗೆದಿಡಿ. ಮೂಲ ಫೋಟೋ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿಕ್ಕದಾಗುತ್ತದೆ, ಒಳಗಿನ ದಿನಾಂಕ ಮತ್ತು ಜಿಪಿಎಸ್ ಕೂಡ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಬರುತ್ತದೆ. ಉಳಿದಿರುವ ಆ ಮಳೆಗಾಲದ ಕಾಪಿಗಳನ್ನು ಎಸೆಯಬೇಡಿ. ಚಾಟ್‌ನಲ್ಲಿ ಕಳಿಸಿದ ದಿನ ಇರುತ್ತದೆ, "ಈ ದಿನಕ್ಕೆ ಮುಂಚೆ" ಅಂತ ಬರೆದುಕೊಳ್ಳಿ.

ಎಂಟು ಕಣ್ಣು, ಚಿಕ್ಕಬಳ್ಳಾಪುರ

ಮೇಲಿನ ಸರ್ ಹೇಳಿದ ಪಹಣಿ ಹೋಲಿಕೆ ನನಗೆ ತುಂಬಾ ಹಿಡಿಸಿತು, ನಮ್ಮ ಮಕ್ಕಳಿಗೂ ಹೇಳುತ್ತೇನೆ. ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ನನ್ನದು ಫೋಟೋಗಳ ಬಗ್ಗೆ ಮಾತು.

ಜೋಡಣೆ ಎಷ್ಟೇ ಚೆನ್ನಾಗಿದ್ದರೂ ಬೆನ್ನಿನ ಫೋಟೋ ಒಂದೇ ಇದ್ದರೆ ಯಾರೂ ಏನೂ ಹೇಳಲಾಗದು. ಮೊದಲು ಮುಖ ತೆಗೆಯಿರಿ. ಬಹಳಷ್ಟು ಜೇಡಗಳಿಗೆ ಎಂಟು ಕಣ್ಣು, ಅವು ಹೇಗೆ ಕೂತಿವೆ ಅನ್ನೋದರಿಂದಲೇ ಕುಟುಂಬ ಗೊತ್ತಾಗುತ್ತದೆ. ಜಿಗಿಯುವ ಜೇಡಕ್ಕೆ ಮುಂದೆ ಕಾರಿನ ಹೆಡ್‌ಲೈಟ್ ಹಾಗೆ ಎರಡು ದೊಡ್ಡ ಕಣ್ಣು. ತೋಳ ಜೇಡಕ್ಕೆ ಕೆಳಗೆ ನಾಲ್ಕು ಚಿಕ್ಕವು, ಮೇಲೆ ಎರಡು ದೊಡ್ಡವು, ಅದರ ಹಿಂದೆ ಇನ್ನೆರಡು. ಲಿಂಕ್ಸ್ ಜೇಡಕ್ಕೆ ಆರು ಕಣ್ಣು ಸೇರಿ ಷಟ್ಕೋನದ ಹಾಗೆ ಕಾಣುತ್ತದೆ. ರಾತ್ರಿ ಹುಲ್ಲಿನ ಕಡೆ ಟಾರ್ಚನ್ನು ಹಣೆಯ ಹತ್ತಿರ ಹಿಡಿದು ನೋಡಿ, ಇಬ್ಬನಿ ಹನಿ ಅಂದುಕೊಂಡಿದ್ದರಲ್ಲಿ ಕೆಲವು ಹನಿ ಓಡಿಹೋಗುತ್ತವೆ. ಅವು ತೋಳ ಜೇಡದ ಕಣ್ಣು. ನಾನು ಮೊದಲ ಸಲ ನೋಡಿದಾಗ ಅರ್ಧ ಗಂಟೆ ಅಲ್ಲಿಂದ ಏಳಲೇ ಇಲ್ಲ.

ಆಮೇಲೆ ಹೊಟ್ಟೆಯ ಕೆಳಭಾಗ. ಹೆಣ್ಣಿನ ಜನನಾಂಗ ಅಲ್ಲಿದೆ, ಗಂಡಿಗೆ ಬಾಯಿ ಪಕ್ಕದ ಪುಟ್ಟ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಹಾಗೆ ಉಬ್ಬಿರುತ್ತದೆ. ಪ್ರಭೇದ ತೀರ್ಮಾನ ಆಗೋದು ಬಹಳ ಸಲ ಈ ಎರಡರಿಂದ. ಮರಿಗಳಿಗೆ ಅದು ಬೆಳೆದೇ ಇರುವುದಿಲ್ಲ. ಹಾಗಾಗಿ ಮರಿ ಫೋಟೋಗೆ ಪ್ರಭೇದದ ಹೆಸರು ಬೇಕು ಅಂತ ಹಟ ಮಾಡಬೇಡಿ. "ಕುಟುಂಬ ಗೊತ್ತು, ಮುಂದೆ ಗೊತ್ತಿಲ್ಲ" ಅನ್ನೋದು ಒಳ್ಳೆ ದಾಖಲೆ. ತಪ್ಪು ಹೆಸರಿನ ಒಂದು ಫೋಟೋ ಹಾಕಿದರೆ, ಅದನ್ನು ನೋಡಿಕೊಂಡು ಇನ್ನೂ ಹತ್ತು ಜನ ಅದೇ ತಪ್ಪು ಹೆಸರು ಇಡುತ್ತಾರೆ. ಅದೇ ನನಗೆ ಸಂಕಟ.

ಶೀಟಿನಲ್ಲಿ ಗಂಡು, ಹೆಣ್ಣು, ಮರಿ ಅಂತ ಒಂದು ಕಾಲಂ ಇಡಿ, ನಿಮ್ಮ ಟೆಲಮೋನಿಯಾ ಗೊಂದಲ ಅಲ್ಲೇ ಕಡಿಮೆ ಆಗುತ್ತದೆ. ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ, ಕಾಲು ಬಿಟ್ಟು ಮೈ ಉದ್ದ ಮಾತ್ರ ಮಿಲಿಮೀಟರ್‌ನಲ್ಲಿ. ಬಲೆ ಇದ್ದರೆ ಬಲೆಯದ್ದೂ ಬೇಕು. ಆರ್ಜಿಯೋಪೆ ಅನ್ನುವ ಜೇಡ ಬಲೆಯ ನಡುವೆ ಬಿಳಿ ದಾರದಲ್ಲಿ ಅಂಕುಡೊಂಕಾಗಿ ಗುಣಾಕಾರ ಚಿಹ್ನೆ ಹಾಕಿರುತ್ತದಲ್ಲ, ಅದು ದೂರದಿಂದಲೇ ಗೊತ್ತಾಗುತ್ತದೆ. ಬೇರೆ ಬಲೆಗಳಿಗೆ ಚಳಿಗಾಲದ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೋಗಿ.

ಜಾಲಿ ಗಿಡದ ಮೇಲೆ ಕೊಳೆ ಬಟ್ಟೆ ಸುತ್ತಿದ ಹಾಗೆ ಕಾಣುವ ಗೂಡು ನಮ್ಮ ಕಡೆ ಜಾಸ್ತಿ. ಅದು ಗುಂಪಾಗಿ ಬದುಕುವ ಸ್ಟೆಗೋಡೈಫಸ್ ಸರಸಿನೋರಮ್. ಒಂದೇ ಗೂಡಿನಲ್ಲಿ ನೂರಾರು ಇರಬಹುದು. ಅಂಥದ್ದಕ್ಕೆ ಗೂಡಿಗೊಂದು ನಂಬರ್ ಕೊಡಿ, ಜೇಡಕ್ಕೊಂದಲ್ಲ. ಮತ್ತೆ, ಅರಣ್ಯದ ಒಳಗಿಂದ ಏನನ್ನೂ ಹಿಡಿದು ತರಬೇಡಿ, ಅದಕ್ಕೆ ಇಲಾಖೆಯ ಅನುಮತಿ ಬೇಕು.

ಪಾವಗಡದ ಬಿಸಿಲು

ಜಾಗದ ಬಗ್ಗೆ ಕೇಳಿದ್ದೀರಿ, ಅದಕ್ಕೆ ಮಾತ್ರ ಉತ್ತರಿಸುತ್ತೇನೆ. ದಯವಿಟ್ಟು ಎಲ್ಲದಕ್ಕೂ ಜಿಪಿಎಸ್ ಹಾಕಬೇಡಿ.

ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ, ರೈಲ್ವೆ ಮರದ ಡಿಪೋದಲ್ಲಿ ಸಿಕ್ಕ ನೀಲಿ ಟರಾಂಟುಲಾಗೆ (ಮೈತುಂಬ ಕೂದಲಿರುವ ದೊಡ್ಡ ಜೇಡ) 1899ರಲ್ಲಿ ಪೊಸಿಲೋಥೀರಿಯಾ ಮೆಟಾಲಿಕಾ ಅಂತ ಹೆಸರಿಟ್ಟರು. ಇವತ್ತು ಅದು ಅಳಿವಿನ ಅಂಚಿನಲ್ಲಿದೆ, ಆದರೆ ವಿದೇಶಗಳಲ್ಲಿ ಗಾಜಿನ ಡಬ್ಬಿಯಲ್ಲಿ ಸಾಕುವವರು ಬೇಕಾದಷ್ಟು. ಈ ಗುಂಪಿನ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಹಿಡಿತ ಇದೆ. ಆದರೂ ಹುಡುಕುವವರು ಹುಡುಕುತ್ತಲೇ ಇರುತ್ತಾರೆ. ಅವರಿಗೆ ಮರದ ಪೊಟರೆಯ ವಿಳಾಸ ನಾವೇ ಬರೆದುಕೊಟ್ಟ ಹಾಗಾಗಬಾರದು.

ಎರಡು ಕಾಲಂ ಇಡಿ. ಒಂದರಲ್ಲಿ ಸರಿಯಾದ ಜಾಗ, ಅದು ನಿಮ್ಮ ನಾಲ್ಕು ಜನಕ್ಕೆ ಮಾತ್ರ. ಇನ್ನೊಂದರಲ್ಲಿ ತಾಲೂಕು, ಅದು ಎಲ್ಲರಿಗೂ. ಟರಾಂಟುಲಾಗಳಿಗೆ ತಾಲೂಕೂ ಬೇಡ, ಜಿಲ್ಲೆ ಸಾಕು. ಫೋಟೋ ಸೈಟಿಗೆ ಹಾಕುವ ಮುಂಚೆ ಅದರೊಳಗಿನ ಜಿಪಿಎಸ್ ತೆಗೆಯೋದು ಮರೆಯಬೇಡಿ, ಶೀಟಿನಲ್ಲಿ ಮುಚ್ಚಿಟ್ಟು ಫೋಟೋದಲ್ಲಿ ಬಿಟ್ಟರೆ ಮುಚ್ಚಿಟ್ಟು ಏನು ಬಂತು? ಬಚ್ಚಲಲ್ಲಿ, ದಾಸವಾಳದಲ್ಲಿ ಸಿಗುವ ಸಾಮಾನ್ಯ ಜೇಡಕ್ಕೆ ಇಷ್ಟೆಲ್ಲ ಬೇಕಿಲ್ಲ.

ನೂಲಿನ ಎಳೆ, ತಿಪಟೂರು

ಕನ್ನಡದಲ್ಲಿ ಮಾಡುತ್ತೇವೆ ಅಂದಿದ್ದು ಓದಿ ಖುಷಿಯಾಯಿತು. ಕನ್ನಡ ಹೆಸರಿಗೂ ಒಂದು ಕಾಲಂ ಖಂಡಿತ ಇಡಿ. ಆದರೆ ಜನ ಹೇಳುವ ಹೆಸರು ಬೇರೆ, ನಾವು ಕೂತು ಕಟ್ಟಿದ ಹೆಸರು ಬೇರೆ. ಯಾವುದು ಯಾವುದು ಅಂತ ಗುರುತು ಇರಲಿ, ಯಾವ ಊರಲ್ಲಿ ಕೇಳಿದ್ದು ಅಂತಲೂ ಇರಲಿ.

ಜೇಡ ಅಂದರೆ ನೇಯುವವನು ಅಂತಲೇ ಅರ್ಥ. ನೇಕಾರರಾಗಿದ್ದ ವಚನಕಾರ ದಾಸಿಮಯ್ಯನವರನ್ನು ಜೇಡರ ದಾಸಿಮಯ್ಯ ಅಂತ ಕರೆಯೋದು ಅದಕ್ಕೇ. ಹಾಗಿರುವಾಗ ಬಲೆಯನ್ನೇ ನೇಯದೆ ಬೇಟೆಯಾಡುವ ಜೇಡಗಳಿಗೆ ಹಳ್ಳಿಯಲ್ಲಿ ಏನಂತಾರೆ ಅಂತ ಕೇಳಿ ನೋಡಿ, ನನಗೂ ತಿಳಿಯುವ ಆಸೆ. ನಮ್ಮಜ್ಜಿ ಗೋಡೆ ಮೇಲಿನ ಕಾಗದದಂಥ ಬಿಳಿ ಪರೆಯನ್ನು ಕಿತ್ತು ನಮ್ಮ ಮಂಡಿಯ ಗಾಯಕ್ಕೆ ಅಂಟಿಸುತ್ತಿದ್ದರು. ಅದನ್ನು ಜೇಡರ ಹುಳದ ಮನೆ ಅನ್ನುತ್ತಿದ್ದರು. ಇಂಥ ಮಾತುಗಳು ಅಜ್ಜಿಯರ ಜೊತೆಗೇ ಹೋಗುತ್ತಿವೆ. ಜೇಡದ ಜೊತೆ ಇದನ್ನೂ ಬರೆದಿಡಿ.

ಇನ್ನೊಂದು ವಿಷಯ. ಪ್ರತಿ ಫೋಟೋ ಪಕ್ಕ ತೆಗೆದವರ ಹೆಸರು ಮತ್ತು ಯಾರು ಹೇಗೆ ಬಳಸಬಹುದು ಅನ್ನೋದು ಬರೆದಿರಲಿ. ನನ್ನ ಒಂದು ಫೋಟೋ ಒಂದು ಕ್ಯಾಲೆಂಡರಿನಲ್ಲಿ ಹೆಸರಿಲ್ಲದೆ ಬಂತು. ಕೇಳಿದ್ದರೆ ಸುಮ್ನೆ ಕೊಡುತ್ತಿದ್ದೆ.

ಬೆಟ್ಟದ ಬುಡ, ತುಮಕೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ನಾಲ್ಕೂ ಜನ ಕೂತು ಮೂರು ಶೀಟ್ ಮಾಡಿದೆವು. ಹಳೇ ಫೋಲ್ಡರ್‌ಗಳನ್ನು ಮುಟ್ಟದೆ ಹಾಗೇ ಬಿಟ್ಟಿದ್ದೇವೆ. ಅವುಗಳ ಹೆಸರುಗಳೆಲ್ಲ ಗುರುತಿನ ಶೀಟಿನಲ್ಲಿ ಮೊದಲ ಸಾಲಾಗಿ ಹೋಗುತ್ತವೆ, ಕೊಟ್ಟವರು ಅನ್ನೋ ಕಡೆ ನಮ್ಮದೇ ಹೆಸರು.

ಮೊದಲ ನೂರು ಫೋಟೋ ನೋಡುವಾಗಲೇ ಗೊತ್ತಾಯಿತು, ಮುಖದ ಫೋಟೋ ಇರೋದು ಬೆರಳೆಣಿಕೆಯಷ್ಟು, ಹೊಟ್ಟೆ ಕೆಳಗಿನದ್ದು ಒಂದೂ ಇಲ್ಲ. ಬೇಜಾರಾಯಿತು. ಚಿಕ್ಕಬಳ್ಳಾಪುರದ ಮೇಡಂ ಹೇಳಿದ ಹಾಗೆ ತುಂಬಾ ಕಡೆ ಪ್ರಭೇದ ತೆಗೆದು ಕುಟುಂಬಕ್ಕೆ ನಿಲ್ಲಿಸಿದೆವು. ಪಾವಗಡದವರ ಮಾತಿನ ಮೇಲೆ ಡ್ರೈವ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದ ಎರಡು ಪೊಟರೆಯ ಫೋಟೋಗಳನ್ನು ಅವತ್ತೇ ಮುಚ್ಚಿದೆವು.

ಸೋಮವಾರ ಬೆಳಿಗ್ಗೆ ನಮ್ಮ ಬಚ್ಚಲ ಕಿಟಕಿ ಪಕ್ಕ ಅಂಗೈ ಅಗಲದ ಜೇಡ ಕೂತಿತ್ತು. ಬಿಳಿ ಬಿಲ್ಲೆಯಂಥ ಮೊಟ್ಟೆಚೀಲವನ್ನು ಎದೆಯ ಕೆಳಗೆ ಅವುಚಿಕೊಂಡಿತ್ತು. ಅಮ್ಮನಿಗೆ ಪೊರಕೆ ಕೆಳಗಿಡಿ ಅಂತ ಹೇಳಿ ಬೆನ್ನು, ಮುಖ, ಸ್ಕೇಲ್ ಜೊತೆ ಒಂದು, ಎಲ್ಲ ತೆಗೆದೆ. ಮೊಟ್ಟೆ ಹೊತ್ತಿದ್ದರಿಂದ ಕೆಳಭಾಗ ತೆಗೆಯಲು ಹೋಗಲಿಲ್ಲ. ಟಿಎಂಕೆ-00001. ಹೆಣ್ಣು. ಕುಟುಂಬ ಸ್ಪಾರಾಸಿಡೇ (ಹಂಟ್ಸ್‌ಮನ್ ಜೇಡಗಳ ಕುಟುಂಬ). ಪ್ರಭೇದದ ಕಾಲಂ ಖಾಲಿ ಬಿಟ್ಟಿದ್ದೇನೆ. ಮರಿಗಳು ಹೊರಟ ಮೇಲೂ ಅದು ಅಲ್ಲೇ ಇದ್ದರೆ ಇನ್ನೊಮ್ಮೆ ಪ್ರಯತ್ನಿಸುತ್ತೇನೆ.