ಶೀಟ್ ಮೆಟಲ್ ಕೆಲಸ ಶುರು ಮಾಡಬೇಕು: ಕರಾವಳಿಗೆ ಯಾವ ತಗಡು, ಯಾವ ಮಷಿನ್?

ಅಘನಾಶಿನಿ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ಹತ್ತಿರ. ನನ್ನ ತಮ್ಮ ಐಟಿಐ ವೆಲ್ಡರ್ ಮುಗಿಸಿ ಗೇಟು, ಗ್ರಿಲ್ಲು ಮಾಡಿಕೊಂಡಿದ್ದಾನೆ, ಕೈಕೆಲಸ ಚೊಕ್ಕ. ಆದರೆ ಆ ಕೆಲಸಕ್ಕೆ ಈಗ ಊರೂರಲ್ಲೂ ಜನ ಇದ್ದಾರೆ, ರೇಟಿನ ಚೌಕಾಸಿ ಜಾಸ್ತಿ. ಅವನಿಗೆ ಶೀಟ್ ಮೆಟಲ್ ಕಡೆ ಮನಸ್ಸು. ಹೋಟೆಲ್ ಟೇಬಲ್ಲು, ಚಿಮಣಿ, ಡಕ್ಟು (ಗಾಳಿ ಸಾಗಿಸುವ ತಗಡಿನ ಕೊಳವೆ), ಕರೆಂಟಿನ ಪ್ಯಾನೆಲ್ ಬಾಕ್ಸು, ಇಂಥದ್ದು. ಲೆಕ್ಕಪತ್ರ, ಗಿರಾಕಿಗಳ ಹತ್ತಿರ ಮಾತು ಎಲ್ಲ ನಾನೇ ನೋಡಿಕೊಳ್ಳುವುದು, ಹಾಗಾಗಿ ನನಗೂ ವಿಷಯ ಬುಡದಿಂದ ಗೊತ್ತಿರಬೇಕು ಅಂತ ಕೇಳುತ್ತಿದ್ದೇನೆ.

ಗೇಟಿನ ಕೆಲಸಕ್ಕೂ ಇದಕ್ಕೂ ನಿಜವಾದ ವ್ಯತ್ಯಾಸ ಏನು? ಅಂಗಡಿಗೆ ಹೋದರೆ ಜಿಐ, ಸಿಆರ್, 202, 304 ಅಂತೆಲ್ಲ ಹೇಳುತ್ತಾರೆ. ನಮ್ಮ ಉಪ್ಪು ಗಾಳಿಗೆ ಇದರಲ್ಲಿ ಯಾವುದು ತಡೆಯುತ್ತದೆ? ಇನ್ನೊಂದು ವಿಷಯ. ನಮ್ಮ ಚಿಕ್ಕಪ್ಪ ಖಾನಾವಳಿಗೆ ಒಂದು ಕಡೆ ಸ್ಟೇನ್‌ಲೆಸ್ ಸ್ಟೀಲಿನ ಹುಡ್ (ಒಲೆ ಮೇಲಿನ ಹೊಗೆ ಎಳೆಯುವ ತಗಡಿನ ಮುಚ್ಚಿಗೆ) ಮಾಡಿಸಿದ್ದರು, ತುಕ್ಕಿನ ಮಾತೇ ಇಲ್ಲ ಅಂದಿದ್ದರಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವೆಲ್ಡಿಂಗ್ ಹಾಕಿದಲ್ಲೆಲ್ಲ ಕಂದು ಕಲೆ. ಸ್ಟೀಲಿಗೂ ತುಕ್ಕು ಬರುತ್ತದಾ?

ಬೈತಖೋಲ ವರ್ಕ್‌ಶಾಪ್

ತಂಗಿ, ಕಾರವಾರದಲ್ಲಿ ಬಹಳ ವರ್ಷದಿಂದ ಇದೇ ಕೆಲಸ ನಮ್ಮದು, ತಿಳಿದಷ್ಟು ಹೇಳುತ್ತೇನೆ.

ಗೇಟಿಗೆ ತರುವ ಆಂಗಲ್, ಪೈಪು ಬರುವಾಗಲೇ ಗಟ್ಟಿ ಇರುತ್ತವೆ. ಅಳತೆಗೆ ಕತ್ತರಿಸಿ ವೆಲ್ಡಿಂಗ್ ಹಾಕಿದರೆ ಮುಗಿಯಿತು. ತಗಡು ಹಾಗಲ್ಲ. 1 ಮಿಮೀ ಶೀಟನ್ನು ಒಂದು ತುದಿ ಹಿಡಿದು ಎತ್ತಿ ನೋಡಿ, ಜೋತುಬೀಳುತ್ತದೆ. ಅದರ ಅಂಚನ್ನೇ 25 ಮಿಮೀ ಮಡಚಿದಿರೋ, ಅದೇ ಶೀಟು ಸೆಟೆದು ನಿಲ್ಲುತ್ತದೆ. ಮಡಿಕೆಯಿಂದಲೇ ತಗಡಿಗೆ ಬಲ. ಎಲ್ಲಿ ಮಡಚಬೇಕು, ಯಾವುದನ್ನು ಮೊದಲು ಮಡಚಬೇಕು, ಎಲ್ಲಿ ಜೋಡಿಸಬೇಕು ಅನ್ನುವುದನ್ನು ಕತ್ತರಿ ಹಿಡಿಯುವ ಮೊದಲೇ ಯೋಚಿಸಿ ಮುಗಿಸಬೇಕು. ನಿಮ್ಮ ತಮ್ಮನಿಗೆ ವೆಲ್ಡಿಂಗ್ ಬರುತ್ತದೆ, ಒಳ್ಳೆಯದೇ, ಆದರೆ ಇಲ್ಲಿ ವೆಲ್ಡಿಂಗ್ ಕೊನೆಯ ಕೆಲಸ. ಎಷ್ಟೋ ಸಲ ಬೇಕಾಗುವುದೂ ಇಲ್ಲ, ರಿವಿಟ್ ಸಾಕು.

ದಪ್ಪದ ವಿಷಯ. 6 ಮಿಮೀ ದಾಟಿದರೆ ಅದು ಶೀಟಲ್ಲ, ಪ್ಲೇಟು. ಅದರ ಕೆಳಗೆ ಅಂಗಡಿಯವರು ಗೇಜಿನಲ್ಲಿ ಮಾತಾಡುತ್ತಾರೆ. ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು: 16 ಗೇಜು ಅಂದರೆ ಸುಮಾರು 1.6 ಮಿಮೀ, 18 ಅಂದರೆ 1.2, 20 ಅಂದರೆ 0.9, 22 ಅಂದರೆ 0.7. ಆದರೆ ಆರ್ಡರ್ ಕೊಡುವಾಗ ಗೇಜು ಹೇಳಬೇಡಿ, ಮಿಮೀ ಹೇಳಿ, ಬಿಲ್ಲಿನಲ್ಲೂ ಮಿಮೀ ಬರೆಸಿ. ಮೈಕ್ರೋಮೀಟರ್ ಇಟ್ಟು ಅಂಗಡಿಯಲ್ಲೇ ಅಳೆಯಿರಿ. ಲೆಕ್ಕ ನಿಮ್ಮದೇ ಅಂದಿರಿ ಅಲ್ವಾ, ಹಾಗಾದರೆ ಇದನ್ನು ಬಾಯಿಪಾಠ ಮಾಡಿಕೊಳ್ಳಿ: 1 ಚದರ ಮೀಟರ್, 1 ಮಿಮೀ ದಪ್ಪದ ಉಕ್ಕಿನ ತಗಡು 7.85 ಕೆಜಿ ತೂಗುತ್ತದೆ. 8 ಅಡಿ 4 ಅಡಿಯ ಶೀಟು 1 ಮಿಮೀ ಇದ್ದರೆ 23 ಕೆಜಿ ಚಿಲ್ಲರೆ, 1.2 ಇದ್ದರೆ 28. ಅಲ್ಯೂಮಿನಿಯಂ ಇದರ ಮೂರರಲ್ಲಿ ಒಂದು ಪಾಲು. ತೂಕದ ಮೇಲೆ ರೇಟು ಇರುವುದರಿಂದ ಕೊಟೇಶನ್ ಮಾಡುವಾಗ ಮೊದಲ ಲೆಕ್ಕವೇ ಇದು.

ಇನ್ನು ಮಾಲು. ಸಿಆರ್ ಅಂದರೆ ಕೋಲ್ಡ್ ರೋಲ್ಡ್, ಉಕ್ಕನ್ನು ಬಿಸಿ ಮಾಡದೆ ಉರುಳೆಗಳ ನಡುವೆ ಒತ್ತಿ ತೆಳು ಮಾಡಿದ್ದು. ಆ ಶೀಟು ನುಣುಪು, ಮಡಚಲು ಸುಲಭ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬೀರು, ಪ್ಯಾನೆಲ್ ಬಾಕ್ಸು ಎಲ್ಲ ಅದರದ್ದೇ. ಆದರೆ ನಮ್ಮ ಕಡೆ ಬಣ್ಣವಿಲ್ಲದೆ ಒಂದು ರಾತ್ರಿ ಹೊರಗಿಟ್ಟರೂ ಕೆಂಪಾಗುತ್ತದೆ. ಜಿಐ ಅಂದರೆ ಉಕ್ಕಿನ ಮೇಲೆ ಸತುವಿನ ಲೇಪ. ಲೇಪ ಎಷ್ಟು ಅಂತ ಕೇಳದೆ ಜಿಐ ತರಬಾರದು. 120 ಜಿಎಸ್‌ಎಂ ಅಂದರೆ ಎರಡೂ ಮುಖ ಸೇರಿ ಚದರ ಮೀಟರಿಗೆ 120 ಗ್ರಾಂ, ಒಂದು ಮುಖಕ್ಕೆ 8 ಮೈಕ್ರಾನ್ ಚಿಲ್ಲರೆ ಅಷ್ಟೇ (1 ಮಿಮೀ ಅಂದರೆ 1000 ಮೈಕ್ರಾನ್). 275 ಆದರೆ 19-20 ಮೈಕ್ರಾನ್. ಕಡಲ ಹತ್ತಿರ 275ಕ್ಕಿಂತ ಕಮ್ಮಿ ನಾನು ಬಳಸುವುದಿಲ್ಲ. ಗಾಲ್ವಾಲ್ಯೂಮ್ ಅಂತ ಇನ್ನೊಂದಿದೆ, ಅದರ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, ಉಳಿದದ್ದು ಹೆಚ್ಚಾಗಿ ಸತು. ಮಾಡಿನ ಶೀಟಿಗೆ ಚೆನ್ನ.

ಈಗ ನಿಮ್ಮ ಚಿಕ್ಕಪ್ಪನ ಹುಡ್. ಸ್ಟೇನ್‌ಲೆಸ್‌ಗೂ ತುಕ್ಕು ಬರುತ್ತದೆ, ಬೇಗ ಬರುವುದಿಲ್ಲ ಅಷ್ಟೇ. ಅದರ ಕ್ರೋಮಿಯಂ ಗಾಳಿಗೆ ಸೇರಿ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ಉಪ್ಪಿನ ಕ್ಲೋರೈಡ್ ಆ ಪದರವನ್ನು ಚುಚ್ಚುತ್ತದೆ. 202, 304, 316 ಎಲ್ಲ ಈ ಸ್ಟೀಲಿನ ದರ್ಜೆಯ ನಂಬರು. 202ರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಕ್ರೋಮಿಯಂ ಕೂಡ ಸ್ವಲ್ಪ ಕಮ್ಮಿ, ಅದು ಕಡಲ ಗಾಳಿಗೆ ಸೋಲುತ್ತದೆ. 304ರಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 316ರಲ್ಲಿ 2-3 ಪಾಲು ಮಾಲಿಬ್ಡಿನಂ ಸೇರುತ್ತದೆ, ಬೋಟಿನ ಸಾಮಾನಿಗೆ, ಬಂದರಿನ ಕೆಲಸಕ್ಕೆ ಅದೇ ಸರಿ. ಅಂಗಡಿಯವರು ಅಯಸ್ಕಾಂತ ಇಟ್ಟು ‘ನೋಡಿ, ಅಂಟುವುದಿಲ್ಲ, 304’ ಅನ್ನುತ್ತಾರೆ. 202 ಕೂಡ ಅಂಟುವುದಿಲ್ಲ! ಮಾಲಿನಲ್ಲಿ ಏನೇನು ಎಷ್ಟಿದೆ ಅಂತ ಕಾರ್ಖಾನೆ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಇಲ್ಲವಾದರೆ ಮ್ಯಾಂಗನೀಸ್ ತೋರಿಸುವ ಹನಿ ಪರೀಕ್ಷೆಯ ದ್ರಾವಣ ಸಿಗುತ್ತದೆ, ಅದನ್ನು ಒಂದು ತೊಟ್ಟು ಹಾಕಿ ನೋಡಿ.

ಆದರೆ ಕಲೆ ಬರೀ ವೆಲ್ಡಿಂಗ್ ಹತ್ತಿರ ಇದ್ದರೆ ಇನ್ನೊಂದು ಕಾರಣ ಇರಬಹುದು. ಕಬ್ಬಿಣ ಉಜ್ಜಿದ ಗ್ರೈಂಡರ್ ಕಲ್ಲಿನಲ್ಲೇ ಸ್ಟೀಲನ್ನೂ ಉಜ್ಜಿದರೆ ಕಬ್ಬಿಣದ ಪುಡಿ ಮೈಮೇಲೆ ಒತ್ತಿ ಕೂರುತ್ತದೆ, ಆ ಪುಡಿಗೆ ತುಕ್ಕು ಬರುತ್ತದೆ. ವೆಲ್ಡಿಂಗ್ ಪಕ್ಕದ ನೀಲಿ-ಕಪ್ಪು ಬಣ್ಣ ತೆಗೆಯದೆ ಬಿಟ್ಟರೂ ಅಷ್ಟೇ. ಪಾತ್ರೆ ಉಜ್ಜುವ ಹಸಿರು ನಾರಿನಿಂದ ತಿಕ್ಕಿ, ಸಿಹಿನೀರಲ್ಲಿ ತೊಳೆದು, ಒರೆಸಿ ಇಡಿ. ಮತ್ತೆ ಬರಲಿಲ್ಲ ಅಂದರೆ ಅದು ಹೊರಗಿನ ಪುಡಿ. ಅಲ್ಲೇ ಸೂಜಿಮೊನೆಯಂಥ ಕುಳಿ ಬಿದ್ದು ಮತ್ತೆ ಬಂತು ಅಂದರೆ ಮಾಲೇ ಕಮ್ಮಿ ದರ್ಜೆಯದ್ದು. ಸ್ಟೀಲಿಗೆ ಬೇರೆ ಕಲ್ಲು, ಬೇರೆ ಬ್ರಷ್ಷು, ಸಾಧ್ಯವಾದರೆ ಬೇರೆ ಮೇಜು. ಇದನ್ನು ನಿಮ್ಮ ತಮ್ಮ ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಲಿ.

ಕಾಳಿ ಆಚೆ

ಅಣ್ಣ ಮಾಲಿನ ಬಗ್ಗೆ ಎಲ್ಲ ಹೇಳಿಬಿಟ್ಟರು. ನಾನು ಸದಾಶಿವಗಡದವನು, ಗೋವಾದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಬ್ರೇಕ್ (ತಗಡು ಒತ್ತಿ ಮಡಚುವ ಮಷಿನ್) ಮೇಲೆ ಕೆಲಸ. ಬೆಂಡಿಂಗ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಗೇಟಿನ ಕೆಲಸದಿಂದ ಬಂದವರು ಎಡವುವುದು ಇಲ್ಲೇ.

1.2 ಮಿಮೀ ತಗಡಿನಲ್ಲಿ 300 ಮಿಮೀ ಅಗಲದ ಟ್ರೇ, ಎರಡೂ ಬದಿಗೆ 50 ಎತ್ತರ ಬೇಕು ಅಂದುಕೊಳ್ಳಿ. ಎಲ್ಲ ಹೊರ ಅಳತೆ. 50, 300, 50 ಕೂಡಿಸಿ 400 ಕತ್ತರಿಸಿದರೆ ಟ್ರೇ ದೊಡ್ಡದಾಗುತ್ತದೆ. ಮಡಚುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಮೂಲೆ ಚೂಪಾಗಿ ಬರದೆ ದುಂಡಗೆ ತಿರುಗುತ್ತದೆ. ಹಾಗಾಗಿ ಪ್ರತಿ ಬೆಂಡಿಗೂ ಸ್ವಲ್ಪ ಕಳೆಯಬೇಕು. ಒಳ ತ್ರಿಜ್ಯ ತಗಡಿನ ದಪ್ಪದಷ್ಟೇ ಇದ್ದರೆ 1.2ಕ್ಕೆ ಬೆಂಡಿಗೆ ಸುಮಾರು 2 ಮಿಮೀ. ಅಂದರೆ 396 ಕತ್ತರಿಸಬೇಕು. ಪುಸ್ತಕದಲ್ಲಿ ಇದಕ್ಕೆ ಸೂತ್ರ ಇದೆ, ಆದರೆ ನಿಮ್ಮ ಮಷಿನ್ನಿನ ಲೆಕ್ಕ ನಿಮಗೆ ಸಿಗಬೇಕಾದರೆ ಹೀಗೆ ಮಾಡಿ: ಅದೇ ತಗಡಿನ ಸರಿಯಾಗಿ 100 ಮಿಮೀ ಪಟ್ಟಿ ಕತ್ತರಿಸಿ, ನಡುವೆ 90 ಡಿಗ್ರಿ ಮಡಚಿ, ಎರಡೂ ಕಾಲಿನ ಹೊರ ಅಳತೆ ವರ್ನಿಯರ್‌ನಲ್ಲಿ ತೆಗೆದು ಕೂಡಿಸಿ. 102.1 ಬಂದರೆ ಕಳೆಯಬೇಕಾದ್ದು 2.1. ಪ್ರತಿ ದಪ್ಪಕ್ಕೂ, ಪ್ರತಿ ಮಾಲಿಗೂ ಒಮ್ಮೆ ಮಾಡಿ ಗೋಡೆ ಮೇಲೆ ಬರೆದಿಡಿ.

ತಗಡನ್ನು ಒತ್ತುವಾಗ ಅದರ ಕೆಳಗಿರುವ ವಿ ಆಕಾರದ ಅಚ್ಚಿಗೆ ವಿ ಡೈ ಅನ್ನುತ್ತಾರೆ. ಅದರ ಬಾಯಿ ತಗಡಿನ ದಪ್ಪದ 8 ಪಟ್ಟು ಇರಬೇಕು ಅನ್ನುವುದು ರೂಢಿ. 1.2ಕ್ಕೆ 10 ಮಿಮೀ ಬಾಯಿ. ಆಗ 7 ಮಿಮೀಗಿಂತ ಚಿಕ್ಕ ಅಂಚು ಮಡಚಲು ಬರುವುದಿಲ್ಲ, ಡೈ ಒಳಗೆ ಜಾರುತ್ತದೆ. ಗಿರಾಕಿ 5 ಮಿಮೀ ಅಂಚು ಕೇಳಿದರೆ ನೀವು ಅಲ್ಲೇ ಬೇಡ ಅನ್ನಬೇಕು ಅಕ್ಕ, ಒಪ್ಪಿಕೊಂಡು ಬಂದು ತಮ್ಮನ ತಲೆಗೆ ಕಟ್ಟಬೇಡಿ. ಬಿಟ್ಟ ಮೇಲೆ ತಗಡು ಸ್ವಲ್ಪ ಹಿಂದಕ್ಕೆ ಬರುತ್ತದೆ, ಸ್ಟೇನ್‌ಲೆಸ್ ಇನ್ನೂ ಜಾಸ್ತಿ, ಹಾಗಾಗಿ 90 ಬೇಕಾದರೆ ಒಂದೆರಡು ಡಿಗ್ರಿ ಹೆಚ್ಚು ಒತ್ತುತ್ತೇವೆ. ಅಲ್ಯೂಮಿನಿಯಂನಲ್ಲಿ 5052 ಅನ್ನುವ ದರ್ಜೆ ಮಡಚಲೂ ಚೆನ್ನ, ಉಪ್ಪಿಗೂ ತಡೆಯುತ್ತದೆ. 6061-ಟಿ6 ತಂದು ಚೂಪಾಗಿ ಮಡಚಿದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆ.

ಪೇಂಟು, ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಬಿಸಿಯಲ್ಲಿ ಕೂರಿಸುವುದು) ಬಗ್ಗೆ ಒಂದು ಮಾತು. ಕೋಟಿಂಗ್ ಏಳುವುದು ಅಂಚಿನಿಂದ. ಚೂಪು ಅಂಚಿನಲ್ಲಿ ಪುಡಿ ತೆಳುವಾಗಿ ಕೂರುತ್ತದೆ. ಅದರ ಮೇಲೆ, ಆಕ್ಸಿಜನ್ ಹಾಕಿ ಲೇಸರ್ ಕಟಿಂಗ್ ಮಾಡಿದ ಕಬ್ಬಿಣದ ಅಂಚಿಗೆ ತೆಳು ಆಕ್ಸೈಡ್ ಪೊರೆ ಇರುತ್ತದೆ, ಅದನ್ನು ತೆಗೆಯದೆ ಕೋಟಿಂಗ್ ಹೊಡೆದರೆ ಪೊರೆ ಜೊತೆಗೇ ಬಣ್ಣವೂ ಎದ್ದುಬರುತ್ತದೆ. ಅಂಚು ಉಜ್ಜಿ ದುಂಡಗೆ ಮಾಡಿಯೇ ಕಳಿಸಿ. ನಮ್ಮ ಊರಿನ ಹವೆಗೆ ಇದು ಬಿಡಲೇಬಾರದ ಕೆಲಸ.

ಶಿರಸಿ ತೋಟಿಗ

ನಾನು ಮಾಡುವವನಲ್ಲ, ಮಾಡಿಸುವವನು. ಘಟ್ಟದ ಮೇಲೆ ಯಾವ ಕೆಲಸ ಸಿಗುತ್ತದೆ ಅಂತ ಹೇಳಿದರೆ ತಂಗಿಗೆ ಉಪಯೋಗ ಆದೀತು.

ಕೆಂಪಡಿಕೆ ಬೇಯಿಸುವ ಪಾತ್ರೆ ಒಂದು. ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ, ಟ್ಯಾನಿನ್ ಅನ್ನುವ ಒಗರು ಅಂಶ ಇರುತ್ತದೆ, ಅದು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಅಡಿಕೆಯ ಬಣ್ಣ ಹೋಯಿತು ಅಂದರೆ ರೇಟು ಹೋಯಿತು. ತಾಮ್ರ ಇಲ್ಲವೇ ಒಳ್ಳೆ ಸ್ಟೇನ್‌ಲೆಸ್ಸೇ ಆಗಬೇಕು. ಅಡಿಕೆ ಡ್ರೈಯರಿನ ತೂತಿನ ಶೀಟಿನ ಟ್ರೇ, ಹೊಗೆಕೊಳವೆ, ಅದರ ಟೋಪಿ, ಆಲೆಮನೆಯ ಸಾಮಾನು, ಜೇನುಪೆಟ್ಟಿಗೆ ಮೇಲಿನ ತಗಡು, ಎಲ್ಲಕ್ಕೂ ಹುಡುಕಿಕೊಂಡು ಹೋಗಬೇಕು ನಾವು. ಹೇಳಿದ ದಿನಕ್ಕೆ ಕೊಡುವವರು ಸಿಕ್ಕರೆ ಯಾರೂ ಬಿಡುವುದಿಲ್ಲ.

ಟೋಪಿ ವಿಷಯ ಬಂತಲ್ಲ, ಅದನ್ನು ಒಬ್ಬರು ಹಿರಿಯರು ಕಂಪಾಸಿನ ಬದಲು ದಾರ ಹಿಡಿದು ಗುರುತು ಹಾಕುವುದನ್ನು ನೋಡಿದ್ದೇನೆ. 300 ಮಿಮೀ ದಾರದಲ್ಲಿ ತಗಡಿನ ಮೇಲೆ ಅರ್ಧ ವೃತ್ತ ಎಳೆದರು, ಕತ್ತರಿಸಿದರು, ಕೊಳವೆ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸುತ್ತಿದರು. ಬಾಯಿ ಸರಿಯಾಗಿ 300 ಅಗಲದ ಶಂಕು! ಅಂಚಿಗೆ ಅಂಚು ಕೊಂಡಿ ಹಾಕಿ ಬಡಿದು ಕೂರಿಸಿದರು, ಬೆಸುಗೆಯೇ ಇಲ್ಲ. ಕೊಂಡಿಗೆ ಬೇಕಾದ ತಗಡು ಮಾತ್ರ ಮೊದಲೇ ಜಾಸ್ತಿ ಬಿಟ್ಟುಕೊಂಡಿದ್ದರು.

ಮಾಡಿನ ಗಟರ್ ಇನ್ನೊಂದು ದೊಡ್ಡ ಕೆಲಸ. ಇಲ್ಲಿನ ಮಳೆಗೆ ಅಂಗಡಿಯ ಸಣ್ಣ ಗಟರ್ ಸಾಲುವುದಿಲ್ಲ, ನೀರು ಹಾರಿ ಆಚೆ ಬೀಳುತ್ತದೆ. ಅಗಲವಾಗಿ ಮಾಡಿಕೊಡಿ, 10 ಅಡಿಗೆ ಅರ್ಧ ಇಂಚು ಇಳಿಜಾರು ಕೊಡಿ, ಎಲೆ ಕಸ ತೆಗೆಯಲು ಕೈ ಹೋಗುವಂತಿರಲಿ. ಅಲ್ಯೂಮಿನಿಯಂ ಆದರೆ 10 ಮೀಟರ್ ಗಟರ್ 30 ಡಿಗ್ರಿ ಬಿಸಿ ಏರಿದಾಗ 7 ಮಿಮೀ ಉದ್ದವಾಗುತ್ತದೆ, ಎರಡೂ ತುದಿ ಬಿಗಿದರೆ ನಡುವೆ ಉಬ್ಬುತ್ತದೆ.

ಅಘನಾಶಿನಿ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಓದಿ ಹೇಳಿದೆ, 100 ಮಿಮೀ ಪಟ್ಟಿ ಈಗಲೇ ಕತ್ತರಿಸುತ್ತಿದ್ದಾನೆ. ಮೊದಲು ಯಾವ ಮಷಿನ್ ತಗೊಳ್ಳಬೇಕು? ಲೇಸರ್ ಕೊಳ್ಳುವ ಶಕ್ತಿ ನಮಗಿಲ್ಲ. ಮತ್ತೆ ಜಿಐ ವೆಲ್ಡಿಂಗ್ ಮಾಡಿದ ರಾತ್ರಿ ಅವನಿಗೆ ಚಳಿಜ್ವರ ಬರುತ್ತದೆ, ಹಾಲು ಕುಡಿ ಅಂತಾರೆ. ಅದು ಏನು?

ಬೈತಖೋಲ ವರ್ಕ್‌ಶಾಪ್

ಜ್ವರದ ಮಾತು ಮೊದಲು. ಅದು ಸತುವಿನ ಹೊಗೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವುದು ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಬೆಸುಗೆ ಹಾಕುವಾಗ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಉಸಿರಿಗೆ ಹೋದರೆ ಕೆಲವು ತಾಸು ಬಿಟ್ಟು ಚಳಿ, ಜ್ವರ, ಮೈಕೈ ನೋವು. ಹಾಲಿನಿಂದ ಏನೂ ಆಗುವುದಿಲ್ಲ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಬೆಸುಗೆ ಬೀಳುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಲಿ, ಗಾಳಿ ಬರುವ ಕಡೆಗೆ ಬೆನ್ನು ಹಾಕದೆ ಅಡ್ಡ ನಿಲ್ಲಲಿ, ಬಟ್ಟೆ ಕಟ್ಟಿದರೆ ಸಾಲದು, ಲೋಹದ ಹೊಗೆಗೆ ಅಂತಲೇ ಬರುವ ಫಿಲ್ಟರ್ ಮಾಸ್ಕ್ ಹಾಕಲಿ. ಉಸಿರಾಟಕ್ಕೆ ತೊಂದರೆ ಆದರೆ ಸುಮ್ನೆ ಮಲಗಿಸಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೆಸುಗೆ ಆದ ಮೇಲೆ ಸುಟ್ಟ ಜಾಗಕ್ಕೆ ಸತುವಿನ ಪೇಂಟ್ ಹಚ್ಚಲೇಬೇಕು. ಇದಕ್ಕೇ ನಾನು ಜಿಐಗೆ ಆದಷ್ಟು ರಿವಿಟ್, ಕೊಂಡಿ ಜೋಡಣೆ ಮಾಡುವುದು.

ಮಷಿನ್. ಲೇಸರ್ ಬೇಡವೇ ಬೇಡ. ಡ್ರಾಯಿಂಗ್ ಮಾಡಿ ಹುಬ್ಬಳ್ಳಿಗೆ ಕಳಿಸಿದರೆ ಕತ್ತರಿಸಿ ಕೊಡುತ್ತಾರೆ. ಮೊದಲು 4 ಅಡಿಯ ಕೈ ಫೋಲ್ಡಿಂಗ್ ಮಷಿನ್, ಕೈ ಶಿಯರ್ (ಶೀಟು ನೇರ ಕತ್ತರಿಸುವ ಮಷಿನ್), ಒಳ್ಳೆ ತಗಡು ಕತ್ತರಿ, ಮರದ ಸುತ್ತಿಗೆ, ರಿವಿಟ್ ಗನ್ನು, ವರ್ನಿಯರ್. ಇಷ್ಟರಲ್ಲಿ ತೆಳು ತಗಡಿನ ಗಟರ್, ಡಕ್ಟು, ಸಣ್ಣ ಬಾಕ್ಸು ಎಲ್ಲ ಆಗುತ್ತದೆ. ಕೈ ಫೋಲ್ಡರಿನ ತಾಕತ್ತು ಎಷ್ಟು ಮಿಮೀ ಅಂತ ಅದರ ಮೇಲೇ ಬರೆದಿರುತ್ತದೆ, ಅದು ಮೆತ್ತನೆ ಕಬ್ಬಿಣದ ಲೆಕ್ಕ. ಸ್ಟೇನ್‌ಲೆಸ್ಸಿಗೆ ಅದಕ್ಕಿಂತ ಕಮ್ಮಿ ಹಿಡಿಯಿರಿ. ಆಮೇಲೆ ಟಿಗ್ ಸೆಟ್ಟು (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ವೆಲ್ಡಿಂಗ್ ಮಾಡುವುದು), ಯಾಕೆಂದರೆ 1 ಮಿಮೀ ಸ್ಟೀಲಿಗೆ ರಾಡ್ ವೆಲ್ಡಿಂಗ್ ಹಾಕಿದರೆ ತೂತು ಬೀಳುತ್ತದೆ. ಉದ್ದಕ್ಕೆ ಒಂದೇ ಎಳೆ ಎಳೆಯಬಾರದು. ಅಲ್ಲಲ್ಲಿ ಚುಕ್ಕಿ ಹಾಕಿ, ಒಂದು ಆ ತುದಿ, ಒಂದು ಈ ತುದಿ ಅಂತ ಬಿಸಿ ಹಂಚುತ್ತ ಹೋದರೆ ಶೀಟು ಡೊಂಕಾಗುವುದಿಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ, ನಿಮಗೆ ಗೊತ್ತೇ ಇದೆ. ಆ ಗಾಳಿ ಆರ್ಗಾನ್ ಗ್ಯಾಸನ್ನು ಹಾರಿಸಿಬಿಡುತ್ತದೆ, ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ. ಪಡುವಣ ಬದಿಯ ಶಟರ್ ಇಳಿಸಿ ಕೆಲಸ ಮಾಡಲಿ, ಹೊಗೆ ಹೋಗಲು ಮೂಡಣ ಬದಿಗೆ ಎಕ್ಸಾಸ್ಟ್ ಫ್ಯಾನ್ ಇರಲಿ.

ಹೊರಗಡೆ ಕೂರಿಸುವ ಕೆಲಸಕ್ಕೆ ಇದೊಂದು ಗಮನದಲ್ಲಿರಲಿ: ಮಾಡಿನ ಮೇಲ್ಮೈಯನ್ನು ಮಳೆ ತೊಳೆಯುತ್ತದೆ, ಅಡಿಮೈಯನ್ನು ಯಾರೂ ತೊಳೆಯುವುದಿಲ್ಲ. ಉಪ್ಪು ಅಲ್ಲೇ ಕೂತು ತಿನ್ನುತ್ತದೆ. ಗಿರಾಕಿಗೆ ಸಾಮಾನು ಕೊಡುವಾಗಲೇ ‘ಅಡಿಭಾಗ ಆಗಾಗ ಸಿಹಿನೀರಲ್ಲಿ ತೊಳೆಯಿರಿ’ ಅಂತ ಬಿಲ್ಲಿನ ಮೇಲೆ ಬರೆದುಕೊಡಿ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್ ಹಾಕುವುದಾದರೆ ನಡುವೆ ನೈಲಾನ್ ವಾಷರ್ ಇಡಿ, ಎರಡು ಲೋಹ ನೇರ ತಾಗಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ.

ಮಳೆಗಾಲಕ್ಕೆ ಮೊದಲು ಮಾಲು ತಂದಿಡುವುದಾದರೆ ಜಿಐ ಶೀಟುಗಳನ್ನು ಒಂದರ ಮೇಲೊಂದು ಮಲಗಿಸಿಡಬೇಡಿ. ನಡುವೆ ನೀರು ಸಿಕ್ಕಿಕೊಂಡರೆ ಬಿಳಿ ತುಕ್ಕು ಬರುತ್ತದೆ, ಸತು ಅಲ್ಲೇ ಕರಗಿ ಹೋಗುತ್ತದೆ. ನೆಲದಿಂದ ಎತ್ತರಕ್ಕೆ, ಸ್ವಲ್ಪ ಓರೆಯಾಗಿ, ನಡುವೆ ರೀಪು ಇಟ್ಟು ನಿಲ್ಲಿಸಿ. ಮೊದಲ ಕೊಟೇಶನ್ ಮಾಡಿದಾಗ ಡ್ರಾಯಿಂಗ್ ಸಮೇತ ಇಲ್ಲಿ ಹಾಕಿ, ತೂಕದ ಲೆಕ್ಕ ನೋಡಿ ಹೇಳುತ್ತೇನೆ.