ಏಂಜಲ್ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಏನು ಮಾಡಲಿ?

ತೋಟದಮನೆ, ಮಡಿಕೇರಿ:
ನಮ್ಮದು 80 ಲೀಟರ್ ಟ್ಯಾಂಕ್. ನಾಲ್ಕು ಏಂಜಲ್, ತಳದಲ್ಲೇ ಓಡಾಡುವ ಸಣ್ಣ ಮೀನು ಕೋರಿಡೋರಾಸ್ ಮೂರು ಇವೆ. ಕಕ್ಕಡದ ಮಳೆ ಗೊತ್ತಲ್ಲ, ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ, ಹೀಟರ್ ನಿಂತು ನೀರು 19 ಡಿಗ್ರಿಗೆ ಇಳಿದಿತ್ತು. ನಿನ್ನೆ ದೊಡ್ಡ ಏಂಜಲ್‌ನ ಬಾಲದಲ್ಲಿ ಐದಾರು ಬಿಳಿ ಚುಕ್ಕೆ ಕಂಡವು, ಇವತ್ತು ಮೈತುಂಬಾ ಆಗಿವೆ. ಫಿಲ್ಟರ್ ಪೈಪಿಗೆ ಮೈ ಉಜ್ಜಿಕೊಂಡು ಸರ್ರಂತ ಹೋಗುತ್ತೆ, ಆಮೇಲೆ ಮೂಲೆಯಲ್ಲಿ ರೆಕ್ಕೆ ಮುದುರಿಕೊಂಡು ನಿಲ್ಲುತ್ತೆ. ಮಗಳು ಗಾಜಿನ ಮುಂದಿಂದ ಏಳುತ್ತಿಲ್ಲ. ಮೀನು ನೋಡುವ ಡಾಕ್ಟರ್ ಇಲ್ಲಿ ಯಾರೂ ಸಿಗಲಿಲ್ಲ. ಅಂಗಡಿಯವರು ಹೆಸರಿಲ್ಲದ ಬಾಟಲಿಯಲ್ಲಿ ನೀಲಿ ಔಷಧಿ ಕೊಟ್ಟಿದ್ದಾರೆ. ಹಾಕಲಾ? ಇಲ್ಲ, ನೀರೆಲ್ಲ ಚೆಲ್ಲಿ ಹೊಸದು ತುಂಬಲಾ?

ಕುಶಾಲನಗರದವ:
ನೀರೆಲ್ಲ ಚೆಲ್ಲಬೇಡಿ, ಸುಸ್ತಾದ ಮೀನಿಗೆ ಅದು ಇನ್ನೊಂದು ಪೆಟ್ಟು. ಲೇಬಲ್ ಇಲ್ಲದ ಔಷಧಿಯನ್ನೂ ದಯವಿಟ್ಟು ಹಾಕಬೇಡಿ.

ನೀವು ಹೇಳಿದ್ದು ನೋಡಿದರೆ ಇದು ಇಕ್, ಬಿಳಿ ಚುಕ್ಕೆ ರೋಗ. ಚುಕ್ಕೆಯೊಳಗೆ ಇರುವುದು ಒಂದು ಪರಾವಲಂಬಿ ಜೀವಿ, ಅದು ಮೀನಿನ ಚರ್ಮದ ಅಡಿಯಲ್ಲಿ ಇರುವ ತನಕ ಯಾವ ಔಷಧಿಯೂ ಸರಿಯಾಗಿ ಮುಟ್ಟಲ್ಲ. ದೊಡ್ಡದಾಗಿ ಕೆಳಗೆ ಉದುರಿ, ಜಲ್ಲಿಗೆ ಅಂಟಿಕೊಂಡು, ಒಂದು ನೂರಾರು ಆಗಿ ಒಡೆದು, ಮರಿಗಳು ಮತ್ತೆ ಮೀನು ಹುಡುಕಿಕೊಂಡು ಈಜುತ್ತವಲ್ಲ, ಸಾಯಿಸಲು ಆಗುವುದು ಆಗ ಮಾತ್ರ. ತಣ್ಣೀರಿನಲ್ಲಿ ಈ ಸುತ್ತು ವಾರಗಟ್ಟಲೆ ಎಳೆಯುತ್ತೆ, ಬೆಚ್ಚಗಿದ್ದರೆ ಕೆಲವೇ ದಿನದಲ್ಲಿ ಮುಗಿಯುತ್ತೆ. ಅದಕ್ಕೇ ನೀರು ಬಿಸಿ ಮಾಡುವುದು. ಆದರೆ ನಿಧಾನವಾಗಿ, ದಿನಕ್ಕೆ ಒಂದೆರಡು ಡಿಗ್ರಿ ಏರಿಸಿ 28-29ಕ್ಕೆ ನಿಲ್ಲಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ಹಗಲು ರಾತ್ರಿ ಓಡಲಿ. ದಿನಾ ಜಲ್ಲಿಯ ತಳದಿಂದ ಪೈಪಲ್ಲಿ ಕಾಲು ಭಾಗ ನೀರು ಎಳೆದು, ತೆಗೆದಷ್ಟೇ ನೀರನ್ನು ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ ಹಾಕಿ.

ಗೋಣಿಕೊಪ್ಪ ಮೀನು:
ಇದರ ಜೊತೆ ಉಪ್ಪು. ಸಾಮಾನ್ಯವಾಗಿ ಲೀಟರಿಗೆ 2-3 ಗ್ರಾಂ ಹಾಕುತ್ತಾರೆ, ಆದರೆ ಕೋರಿಡೋರಾಸ್‌ಗೆ ಉಪ್ಪು ಜಾಸ್ತಿ ಆಗಿಬರಲ್ಲ. ನಾನಾದರೆ 1 ಗ್ರಾಂನಿಂದ ಶುರು ಮಾಡುತ್ತೇನೆ. ನಿಮ್ಮ ಟ್ಯಾಂಕಿಗೆ 80 ಗ್ರಾಂ ಆಯ್ತು. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗಿ, ಟ್ಯಾಂಕಿನ ನೀರಲ್ಲೇ ಕರಗಿಸಿ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿ. ನೀರು ಆವಿಯಾದರೂ ಉಪ್ಪು ಹೋಗಲ್ಲ, ಹಾಗಾಗಿ ನೀರು ಬದಲಿಸಿದಾಗ ತೆಗೆದ ನೀರಿನಷ್ಟಕ್ಕೆ ಮಾತ್ರ ಮತ್ತೆ ಸೇರಿಸಿ. ಮುಂದೆ ಲೇಬಲ್ ಇರುವ ಔಷಧಿ ಹಾಕುವುದಾದರೆ ಮೊದಲು ಫಿಲ್ಟರಿನ ಇದ್ದಿಲು ತೆಗೆಯಿರಿ, ಅದು ಔಷಧಿಯನ್ನೇ ಹೀರಿಬಿಡುತ್ತೆ.

ಸೋಮವಾರಪೇಟೆ:
ಕರೆಂಟ್ ಬಂದಾಗ ಫಿಲ್ಟರ್ ತೊಳೆದೇ ಹಾಕಿದಿರಾ? ನಾನು ಒಮ್ಮೆ ಹಾಗೇ ಸ್ವಿಚ್ ಒತ್ತಿದೆ. ಎರಡು ದಿನ ಗಾಳಿಯಿಲ್ಲದೆ ಒಳಗಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕೊಳೆತ ಮೊಟ್ಟೆ ವಾಸನೆಯ ಕಪ್ಪು ನೀರು ಟ್ಯಾಂಕಿಗೆ ಬಂತು. ಬೆಳಗಾಗುವಷ್ಟರಲ್ಲಿ ಆರು ಮೀನು ಹೋದವು. ಇವತ್ತಿಗೂ ಆ ವಾಸನೆ ಮರೆತಿಲ್ಲ. ಆ ಬ್ಯಾಕ್ಟೀರಿಯಾ ಸತ್ತರೆ ಮೀನಿನ ಗಲೀಜಿನಿಂದ ಬರುವ ಅಮೋನಿಯಾ ವಿಷ ನೀರಲ್ಲೇ ಉಳಿಯುತ್ತೆ, ಅದರ ಟೆಸ್ಟ್ ಮಾಡಿ, ದಯವಿಟ್ಟು. ಇನ್ನೊಂದು ಸಲ ಕರೆಂಟ್ ಹೋದರೆ ಟ್ಯಾಂಕಿಗೆ ಸುತ್ತ ಕಂಬಳಿ ಹೊದಿಸಿ, ಬಿಸಿನೀರು ತುಂಬಿದ ಬಾಟಲಿ ಮುಚ್ಚಳ ಬಿಗಿ ಮಾಡಿ ತೇಲಿಬಿಡಿ, ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ತೋಟದಮನೆ, ಮಡಿಕೇರಿ:
ತೊಳೆದಿರಲಿಲ್ಲ. ಓದಿದ ಕೂಡಲೇ ಬಿಚ್ಚಿ, ಟ್ಯಾಂಕಿನ ನೀರಲ್ಲೇ ಸ್ಪಂಜ್ ಹಿಂಡಿದೆ. ಇವತ್ತು ಆರನೇ ದಿನ, ನೀರು 28. ಒಂದು ಸಣ್ಣ ಏಂಜಲ್ ಉಳಿಯಲಿಲ್ಲ. ದೊಡ್ಡದರ ಮೈಮೇಲೆ ಒಂದೂ ಚುಕ್ಕೆ ಇಲ್ಲ, ಬೆಳಿಗ್ಗೆ ಮಗಳ ಬೆರಳಿನ ಹಿಂದೆಯೇ ಬಂತು. ಉಪ್ಪು ನಿಲ್ಲಿಸಬಹುದಾ?

ಕುಶಾಲನಗರದವ:
ಈಗಲೇ ಬೇಡ. ಉದುರಿದ್ದು ಜಲ್ಲಿಯಲ್ಲಿ ಇನ್ನೂ ಇರುತ್ತೆ. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಹೀಗೇ ಮುಂದುವರಿಸಿ.