ಅಪ್‌ಡೇಟ್: ಲಿನಕ್ಸ್‌ನಲ್ಲಿ ಭಾಗವತಿಕೆಯ ಧ್ವನಿಮುದ್ರಣ

ಶಿರಸಿಯ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೀಗಿರುವಾಗ ಯಕ್ಷಗಾನದ ಭಾಗವತಿಕೆ, ಮದ್ದಳೆ, ಚಂಡೆಗಳನ್ನು ವಿಂಡೋಸ್‌ಗೆ ಬದಲಾಗಿ ಬಳಸುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಮುದ್ರಿಸಬಹುದೇ ಎಂದು ಈ ಹಿಂದೆ ಕೇಳಿದ್ದೆ. ಬಿಟ್‌ವಿಗ್, ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶಗಳ ಜೊತೆಗೆ 2023ರಲ್ಲಿ ಸ್ಟುಡಿಯೋ ಒನ್ ಕೂಡ ಪರೀಕ್ಷಾ ಆವೃತ್ತಿಯಾಗಿ ಲಿನಕ್ಸ್‌ಗೆ ಬಂದಿರುವಾಗ ಹಿಂಜರಿಕೆಯೇಕೆ ಎಂದು ಕೆಲವರು ಹುರಿದುಂಬಿಸಿದ್ದರು. ತಂತ್ರಾಂಶ ಬಂದರೆ ಸಾಲದು, ಅದರೊಳಗೆ ಸೇರಿಸಿ ಧ್ವನಿಯನ್ನು ತಿದ್ದುವ ಪ್ಲಗಿನ್‌ಗಳೂ ಬರಬೇಕಲ್ಲವೇ ಎಂದು ಉಳಿದವರು ಎಚ್ಚರಿಸಿದ್ದರು.

ಒಂದು ತಿಂಗಳು ರೀಪರ್ ಬಳಸಿದ ಮೇಲೆ ಎಚ್ಚರಿಸಿದವರ ಮಾತಿಗೇ ತೂಕ ಹೆಚ್ಚೆನಿಸಿದೆ. ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಯಾವ ಡ್ರೈವರ್ ಹಾಕದೆಯೂ ಕೆಲಸ ಮಾಡಿತು. ಆದರೆ ಮೊದಲೆರಡು ದಿನ ಚಂಡೆಯ ಪ್ರತಿ ಪೆಟ್ಟಿನ ಬೆನ್ನಿಗೂ ಚಟಪಟ ಸದ್ದು ಕೇಳುತ್ತಿತ್ತು. ನನ್ನ ಖಾತೆಯನ್ನು ಆಡಿಯೋ ಗುಂಪಿಗೆ ಸೇರಿಸಿ, ರಿಯಲ್‌ಟೈಮ್ ಆದ್ಯತೆಗೆ, ಅಂದರೆ ಧ್ವನಿಯ ಕೆಲಸವನ್ನು ಉಳಿದವಕ್ಕಿಂತ ಮೊದಲು ಮಾಡುವುದಕ್ಕೆ, ಅನುಮತಿ ಕೊಟ್ಟ ಬಳಿಕ ಆ ಸದ್ದು ನಿಂತಿತು. ಈಗ 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಧ್ವನಿಯ 48,000 ಸ್ಯಾಂಪಲ್‌ಗಳು) 128 ಸ್ಯಾಂಪಲ್‌ಗಳ ಬಫರ್, ಅಂದರೆ ಧ್ವನಿಯನ್ನು ತುಸು ಹೊತ್ತು ಕೂಡಿಡುವ ಜಾಗ, ಇಟ್ಟಿದ್ದೇನೆ. ಅಂದರೆ ಬಫರ್‌ನ ವಿಳಂಬ ಸುಮಾರು 2.7 ಮಿಲಿಸೆಕೆಂಡ್ ಮಾತ್ರ, ಹೆಡ್‌ಫೋನ್ ಹಾಕಿಕೊಂಡು ಹಾಡುವ ಭಾಗವತರಿಗೆ ಅದು ಅರಿವಿಗೇ ಬಂದಿಲ್ಲ.

ದುಡ್ಡು ಕೊಟ್ಟು ಕೊಂಡಿದ್ದ ಮೂರು ವಿಂಡೋಸ್ ಪ್ಲಗಿನ್‌ಗಳಲ್ಲಿ ಎರಡು, ಅಂಥವನ್ನು ಲಿನಕ್ಸ್‌ನಲ್ಲಿ ನಡೆಸುವ ಯಾಬ್ರಿಜ್ ತಂತ್ರಾಂಶದ ಮೂಲಕ ನಡೆಯುತ್ತಿವೆ, ಮೂರನೆಯದರ ಕಿಟಕಿ ಖಾಲಿಯಾಗಿಯೇ ತೆರೆದುಕೊಳ್ಳುತ್ತದೆ. (ಅದೇ ಎಲ್ಲಕ್ಕಿಂತ ದುಬಾರಿಯದ್ದು.) ಅದನ್ನು ಬಳಸಿದ ಹಳೆಯ ಮುದ್ರಣಗಳನ್ನು ಕಾರವಾರದ ಅಣ್ಣನ ವಿಂಡೋಸ್ ಕಂಪ್ಯೂಟರಿನಲ್ಲಿ ಮುಗಿಸುತ್ತಿದ್ದೇನೆ, ರೀಪರ್‌ನ ಪ್ರಾಜೆಕ್ಟ್ ಕಡತಗಳು ಎರಡೂ ಕಡೆ ತೆರೆದುಕೊಳ್ಳುವುದರಿಂದ ಅದಕ್ಕೆ ತೊಡಕಾಗಿಲ್ಲ.